ನೀರಿನಂತೆ ಕಾಣುವ ಬಾಟಲಿಗಳು

(ಸುವರ್ಣ ಮಹೋತ್ಸವದ ಎರಡನೇ ದಿನ ಶಾಲೆಯ ಆವರಣದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದಲ್ಲಿ, ಪ್ರಯೋಗಗಳನ್ನು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ "ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಅಂದರು. ಆ ನಾಲ್ಕು ಮಾತನ್ನು ಹೇಳುವವರು ಈಗ ಊರೂರಿಗೂ ಇದ್ದಾರೆ. ಮೊಬೈಲ್ ತೆಗೆದರೆ ಅದೇ. ಹಾಗಾಗಿ ನಾನು ಬೇರೆ ಕೇಳಿದೆ: ಒಂದು ಮೇಜು, ಹತ್ತು ಪ್ರನಾಳ, ಲ್ಯಾಬಿನ ಬೀಗದ ಕೈ, ಜೊತೆಗೆ ನಮ್ಮ ಈಗಿನ ವಿಜ್ಞಾನ ಮೇಡಂ ಅವರ ಸಹಾಯ. ಮೇಡಂ ಒಪ್ಪಿದರು. ಪ್ರಯೋಗಗಳನ್ನು ಅವರು ಮಾಡುತ್ತಾರೆ, ಮಾತು ಮಾತ್ರ ನನ್ನದು.

ಮೇಜಿನ ಮೇಲೆ ಮೂರು ಬಾಟಲಿ ಇವೆ. ಒಂದರಲ್ಲಿ ನಮ್ಮ ಶಾಲೆಯ ನಲ್ಲಿ ನೀರು. ಇನ್ನೊಂದರಲ್ಲಿ ಎಥನಾಲ್, ಅಂದರೆ ಎಲ್ಲ ಮದ್ಯದಲ್ಲೂ ಇರುವ ಆಲ್ಕೋಹಾಲ್. ಮೂರನೆಯದರಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್. ಕೊರೊನಾ ಕಾಲದಲ್ಲಿ ನಾವೆಲ್ಲ ಅಂಗೈಗೆ ಉಜ್ಜಿಕೊಂಡೆವಲ್ಲ, ಆ ಸ್ಯಾನಿಟೈಸರ್‌ಗಳಲ್ಲಿ ಹಲವಕ್ಕೆ ಹಾಕುತ್ತಿದ್ದದ್ದು ಇದನ್ನೇ. ಯಾವುದು ಯಾವುದು ಅಂತ ಹಿಂದೆ ಕೂತವರು ಹೇಳಿ ನೋಡೋಣ. ಆಗುವುದಿಲ್ಲ. ಮೂರೂ ನೀರೇ.

ನಾಲ್ಕನೆಯ ಬಾಟಲಿ ಒಂದಿದೆ, ಅದನ್ನು ನಾನು ಇಲ್ಲಿಗೆ ತಂದಿಲ್ಲ. ಅದು ಮೆಥನಾಲ್. ಅದರ ಪ್ರಯೋಗಗಳನ್ನು ಒಂದು ಪದವಿ ಕಾಲೇಜಿನ ಲ್ಯಾಬಿನಲ್ಲಿ ಮಾಡಿಸಿ ವಿಡಿಯೊ ಮಾಡಿಕೊಂಡು ಬಂದಿದ್ದೇನೆ, ಪರದೆಯ ಮೇಲೆ ತೋರಿಸುತ್ತೇನೆ. ಇಷ್ಟು ಜನ, ಇಷ್ಟು ಮಕ್ಕಳು ಇರುವ ಜಾಗಕ್ಕೆ ಆ ಬಾಟಲಿ ಬರಕೂಡದು. ಇಂದಿನ ಮಾತೆಲ್ಲ ಆ ಬಾಟಲಿಯ ಬಗ್ಗೆಯೇ.

ಹಿರಿಯರಿಗೆ ನೆನಪಿದೆ. 2008ರ ಮೇ ತಿಂಗಳು. ವಿಧಾನಸಭೆ ಚುನಾವಣೆಯ ಹೊತ್ತು. ಸಾರಾಯಿ ನಿಷೇಧವಾಗಿ ಇನ್ನೂ ವರ್ಷ ತುಂಬಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಅಂಗಡಿಗಳು ಮುಚ್ಚಿದ್ದವು, ಪ್ಯಾಕೆಟ್ ಸಾರಾಯಿ ನಿಂತಿತ್ತು. ಆ ಮೇನಲ್ಲಿ ಕಳ್ಳಭಟ್ಟಿ ಕುಡಿದು ನಮ್ಮ ಹೊಸಕೋಟೆ, ಪಕ್ಕದ ಆನೇಕಲ್, ಕೋಲಾರದ ಕಡೆ, ಬೆಂಗಳೂರಿನ ಕೊಳೆಗೇರಿಗಳು, ಗಡಿ ದಾಟಿದರೆ ತಮಿಳುನಾಡಿನ ಕೃಷ್ಣಗಿರಿ, ಎಲ್ಲ ಸೇರಿ 150ಕ್ಕೂ ಹೆಚ್ಚು ಜನ ಸತ್ತರು. ನಾನು ಆಗ ಬಿ.ಇ. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಪೇಪರ್ ಬಿಡಿಸಿದರೆ ಮೊದಲ ಪುಟದಲ್ಲಿ ನಮ್ಮ ತಾಲ್ಲೂಕಿನ ಹೆಸರು. ಅದಕ್ಕೂ ಹಿಂದೆ, 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಇದೇ ರೀತಿ 300ಕ್ಕೂ ಹೆಚ್ಚು ಮಂದಿ ಹೋಗಿದ್ದರು. ತೀರ ಈಚೆಗೆ, 2024ರ ಜೂನ್‌ನಲ್ಲಿ, ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಎಲ್ಲ ಕಡೆಯೂ ಕೊಂದದ್ದು ಒಂದೇ: ಮೆಥನಾಲ್.

ಸತ್ತವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಕೂಲಿ ಮಾಡುವವರು, ಕಟ್ಟಡದ ಕೆಲಸದವರು, ಗಾಡಿ ಎಳೆಯುವವರು. ಕುಡಿತ ಸರಿಯೋ ತಪ್ಪೋ ಅಂತ ಇಲ್ಲಿ ಭಾಷಣ ಮಾಡಲು ನಾನು ನಿಂತಿಲ್ಲ. ಆ ಭಾಷಣ ಕೇಳಿ ಯಾರೂ ಬಿಟ್ಟದ್ದನ್ನು ನಾನು ನೋಡಿಲ್ಲ. ಕೊಂದ ವಸ್ತುವನ್ನು ಗುರುತಿಸುವುದು ಯಾಕೆ ಅಷ್ಟು ಕಷ್ಟ, ರಸಾಯನಶಾಸ್ತ್ರ ಅದನ್ನು ಹೇಗೆ ಗುರುತಿಸುತ್ತದೆ, ಊರಿನಲ್ಲಿ ನಾವು ನಂಬಿರುವ ಪರೀಕ್ಷೆ ಯಾಕೆ ಸುಳ್ಳು, ನನ್ನ ಮಾತು ಇಷ್ಟೇ.

ಮೊದಲು ಈ ಮನೆತನದ ಪರಿಚಯ. ಆಲ್ಕೋಹಾಲ್ ಅಂದರೆ ಒಂದು ವಸ್ತುವಲ್ಲ, ಒಂದು ವಂಶ. ಇಂಗಾಲದ ಸರಪಳಿಗೆ ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಓಎಚ್ ಅನ್ನುವ ಗುಂಪು ಅಂಟಿಕೊಂಡರೆ ಅದು ಆಲ್ಕೋಹಾಲ್. ಒಂದೇ ಇಂಗಾಲವಿದ್ದರೆ ಮೆಥನಾಲ್. ಎರಡಿದ್ದರೆ ಎಥನಾಲ್. ಮೂರಿದ್ದರೆ ಪ್ರೊಪನಾಲ್, ಅದರಲ್ಲಿ ಓಎಚ್ ಗುಂಪು ನಡುವಿನ ಇಂಗಾಲಕ್ಕೆ ಅಂಟಿದ್ದರೆ ಐಸೊಪ್ರೊಪೈಲ್. ಹತ್ತನೇ ತರಗತಿಯವರು ಇದನ್ನು ಇಂಗಾಲದ ಸಂಯುಕ್ತಗಳ ಪಾಠದಲ್ಲಿ ಓದುತ್ತಿದ್ದಾರೆ. ನಮ್ಮ ಕೈ ತೊಳೆಯುವ ಸ್ಯಾನಿಟೈಸರ್, ಬಡಗಿಗಳು ಪಾಲಿಶ್‌ಗೆ ಬಳಸುವ ಸ್ಪಿರಿಟ್, ಕೆಮ್ಮಿನ ಔಷಧಿಯಲ್ಲಿ ಸಿಹಿಯಾಗಿ ಮಂದವಾಗಿರುವ ಗ್ಲಿಸರಾಲ್, ಎಲ್ಲವೂ ಇದೇ ವಂಶದವು.

ಈ ವಂಶದಲ್ಲಿ ಸಣ್ಣವನೇ ಅಪಾಯಕಾರಿ. ಆದರೆ ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು ಅಚ್ಚು ಒತ್ತಿದ ಹಾಗೆ ಇರುತ್ತಾರೆ. ಒಂದು ಮಿಲಿಲೀಟರ್ ಮೆಥನಾಲ್ ತೂಗಿದರೆ 0.79 ಗ್ರಾಂ. ಎಥನಾಲ್ ತೂಗಿದರೂ 0.79 ಗ್ರಾಂ. ವ್ಯತ್ಯಾಸ ಮೂರನೆಯ ದಶಮಾಂಶದಲ್ಲಿದೆ. ಮದ್ಯದ ಗಟ್ಟಿತನ ಅಳೆಯಲು ತೇಲಿಬಿಡುವ ಹೈಡ್ರೋಮೀಟರ್ ಇದೆಯಲ್ಲ, ಅದು ನೋಡುವುದು ಈ ಸಾಂದ್ರತೆಯನ್ನು ಮಾತ್ರ. ಮೆಥನಾಲ್ ಬೆರೆತರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕುದಿಬಿಂದುವಿನಲ್ಲಿ ವ್ಯತ್ಯಾಸ ಇದೆ: ಮೆಥನಾಲ್ ಸುಮಾರು 65 ಡಿಗ್ರಿಗೆ, ಎಥನಾಲ್ 78ಕ್ಕೆ, ಐಸೊಪ್ರೊಪೈಲ್ 82ಕ್ಕೆ ಕುದಿಯುತ್ತವೆ. ಶುದ್ಧವಾಗಿದ್ದಾಗ ಥರ್ಮಾಮೀಟರ್ ಇಟ್ಟು ಹೇಳಬಹುದು. ನೀರು, ಎಥನಾಲ್, ಮೆಥನಾಲ್ ಮೂರೂ ಕಲಸಿದರೆ ಆ ಲೆಕ್ಕವೂ ಕಲಸಿಹೋಗುತ್ತದೆ.

ಈಗ ಬೆಂಕಿಯ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಬಹಳ ಜನ ಇದನ್ನು ನಂಬಿದ್ದಾರೆ. "ಚಮಚಕ್ಕೆ ಹಾಕಿ ಕಡ್ಡಿ ಗೀರು. ನೀಲಿ ಉರಿ ಬಂದರೆ ಅಸಲಿ ಮಾಲು. ಹಳದಿ ಬಂದರೆ, ಹೊಗೆ ಬಂದರೆ ಬೆರಕೆ." ನಾನು ಚಿಕ್ಕವನಿದ್ದಾಗ ಕೇಳಿದ ಮಾತು, ಈಗಲೂ ಕೇಳುತ್ತೇನೆ.

ಈ ಮಾತು ಹುಟ್ಟಿದ್ದಕ್ಕೆ ಒಂದು ಕಾರಣ ಇದೆ. ಸಾರಾಯಿ ಕೊಳ್ಳುವವನ ಹಳೆಯ ಅನುಮಾನ ವಿಷದ್ದಲ್ಲ, ನೀರಿನದು. ಮಾರುವವನು ನೀರು ಬೆರೆಸಿದ್ದಾನಾ? ಬಹಳ ನೀರು ಬೆರೆತಿದ್ದರೆ ಅದು ಕಡ್ಡಿಗೆ ಹತ್ತಿಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲೂ ಒಂದು ಕಾಲದಲ್ಲಿ ಹೀಗೇ ಮಾಡುತ್ತಿದ್ದರು: ಮದ್ಯದಲ್ಲಿ ಕೋವಿಮದ್ದು ನೆನೆಸಿ ಕಿಚ್ಚು ಇಡುವುದು, ಹೊತ್ತಿಕೊಂಡರೆ ಮಾಲು ಗಟ್ಟಿ. ಇವತ್ತೂ ಮದ್ಯದ ಗಟ್ಟಿತನಕ್ಕೆ 'ಪ್ರೂಫ್' ಅನ್ನುವ ಮಾತು ಬಂದದ್ದು ಅಲ್ಲಿಂದ. ಆ ಲೆಕ್ಕದಲ್ಲಿ ನೂರು ಪ್ರೂಫ್ ಅಂದರೆ ಗಾತ್ರದಲ್ಲಿ ಸುಮಾರು 57 ಭಾಗ ಆಲ್ಕೋಹಾಲ್. ಹಾಗಾಗಿ ಬೆಂಕಿ ಪರೀಕ್ಷೆ "ನೀರೆಷ್ಟು?" ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. "ಯಾವ ಆಲ್ಕೋಹಾಲ್?" ಅಂತ ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಮೇಡಂ ಈಗ ಎರಡು ಪಿಂಗಾಣಿ ಬಟ್ಟಲಿನಲ್ಲಿ ಅರ್ಧರ್ಧ ಚಮಚ ಹಾಕಿ ಹೊತ್ತಿಸುತ್ತಿದ್ದಾರೆ. ಬಾಟಲಿಗಳನ್ನು ಮೊದಲೇ ಮುಚ್ಚಿ ದೂರ ಇಟ್ಟಿದ್ದನ್ನು ಮಕ್ಕಳು ಗಮನಿಸಿ. ಉರಿಯುವ ಬಟ್ಟಲಿಗೆ ಬಾಟಲಿಯಿಂದ ಮತ್ತೆ ಸುರಿದರೆ ಉರಿ ಬಾಟಲಿಗೇ ಹಾರುತ್ತದೆ. ಎಡಗಡೆ ಐಸೊಪ್ರೊಪೈಲ್. ಹಳದಿ ಉರಿ, ಬಟ್ಟಲಿನ ಅಂಚು ಕಪ್ಪಾಗುತ್ತಿದೆ. ಬಲಗಡೆ ಎಥನಾಲ್. ಬುಡದಲ್ಲಿ ನೀಲಿ, ತುದಿಯಲ್ಲಿ ಹಳದಿ. ಈಗ ಪರದೆ ನೋಡಿ, ಮೆಥನಾಲ್. ಏನೂ ಕಾಣುತ್ತಿಲ್ಲ ಅಂತೀರಾ? ಉರಿಯುತ್ತಿದೆ. ದೀಪ ಆರಿಸಿ ತೆಗೆದ ಮುಂದಿನ ತುಣುಕು ನೋಡಿ: ತೆಳ್ಳಗಿನ, ಶುದ್ಧ ನೀಲಿ. ಹಗಲು ಬೆಳಕಿನಲ್ಲಿ ಈ ಉರಿ ಕಣ್ಣಿಗೆ ಬೀಳುವುದೇ ಇಲ್ಲ. ಲ್ಯಾಬುಗಳಲ್ಲಿ ಇದರಿಂದ ಸುಟ್ಟುಕೊಂಡ ಮಕ್ಕಳಿದ್ದಾರೆ.

ಯಾಕೆ ಹೀಗೆ? ತೂಕದಲ್ಲಿ ಐಸೊಪ್ರೊಪೈಲ್‌ನ ನೂರರಲ್ಲಿ 60 ಭಾಗ ಇಂಗಾಲ. ಎಥನಾಲ್‌ನಲ್ಲಿ 52. ಮೆಥನಾಲ್‌ನಲ್ಲಿ 37.5 ಮಾತ್ರ. ಹಳದಿ ಬಣ್ಣ ಬರುವುದು ಪೂರ್ತಿ ಉರಿಯದ ಇಂಗಾಲದ ಕಣಗಳು ಕೆಂಪಗೆ ಕಾದು ಹೊಳೆಯುವುದರಿಂದ. ಸೀಮೆಎಣ್ಣೆ ಬುಡ್ಡಿಯಲ್ಲಿ ಆಗುವುದೂ ಅದೇ. ಇಂಗಾಲ ಕಡಿಮೆಯಾದಷ್ಟೂ ಉರಿ ನೀಲಿ.

ಅಂದರೆ ಏನಾಯಿತು ನೋಡಿ. ನೀಲಿ ಉರಿ ಬಂದರೆ ಒಳ್ಳೆಯದು ಅನ್ನುವ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬರುವುದು ವಿಷಕ್ಕೆ. ಪರೀಕ್ಷೆ ಮಾಡದೆ ಕುಡಿದವನಿಗೆ ಕೊನೆಪಕ್ಷ ಅನುಮಾನವಾದರೂ ಇರುತ್ತದೆ. ಈ ಪರೀಕ್ಷೆ ಮಾಡಿ ಕುಡಿದವನಿಗೆ ಅದೂ ಇಲ್ಲ.

ಉರಿಯನ್ನೇ ಬಳಸಿ ಮಾಡುವ ಇನ್ನೊಂದು ಪರೀಕ್ಷೆ ರಸಾಯನಶಾಸ್ತ್ರದಲ್ಲಿದೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಗೊತ್ತಲ್ಲ? ಅದು ಮೆಥನಾಲ್ ಜೊತೆ ಸೇರಿ ಬೇಗ ಆವಿಯಾಗುವ ಒಂದು ಸಂಯುಕ್ತವಾಗುತ್ತದೆ, ಹೊತ್ತಿಸಿದರೆ ಗಿಳಿಹಸಿರು ಉರಿ. ವಿಡಿಯೊದಲ್ಲಿ ಮಕ್ಕಳು ಕೇಕೆ ಹಾಕಿದ್ದು ಅದಕ್ಕೇ. ನೋಡಲು ಚೆಂದ, ಆದರೆ ತೀರ್ಪು ಕೊಡಲು ಸಾಲದು. ಎಥನಾಲ್‌ಗೂ ಅಂಚಿನಲ್ಲಿ ಒಂದಿಷ್ಟು ಹಸಿರು ಬರುತ್ತದೆ, ಗಂಧಕಾಮ್ಲದ ಹನಿ ಬಿದ್ದರೆ ಚೆನ್ನಾಗಿಯೇ ಬರುತ್ತದೆ.

ಹಾಗಾದರೆ ಬೆಂಕಿ ಬಿಟ್ಟು ಪ್ರನಾಳಕ್ಕೆ ಬರೋಣ. ಇದು ನನಗೆ ಬಹಳ ಇಷ್ಟವಾದ ಪ್ರಯೋಗ. ಒಂದು ಪ್ರನಾಳಕ್ಕೆ ಹತ್ತು ಹನಿ ಎಥನಾಲ್, ಇಪ್ಪತ್ತೈದು ಹನಿ ಅಯೋಡಿನ್ ದ್ರಾವಣ. ಕಂದು ಬಣ್ಣ. ಅದಕ್ಕೆ ಹನಿ ಹನಿಯಾಗಿ ಸೋಡಿಯಂ ಹೈಡ್ರಾಕ್ಸೈಡ್. ಕಂದು ಬಣ್ಣ ಇಳಿಯುತ್ತಿದೆ ನೋಡಿ. ಬಿಸಿನೀರಿನ ಲೋಟದಲ್ಲಿ ಒಂದು ನಿಮಿಷ ಇಡಿ. ಈಗ ತಿಳಿ ಹಳದಿ ಪುಡಿ ಇಳಿಯಿತು. ಮುಂದಿನ ಸಾಲಿನವರಿಗೆ ವಾಸನೆಯೂ ಬಂದಿರಬೇಕು. ಹಳೆಯ ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ವಾಸನೆ, ಅಲ್ಲವೇ ಮೇಷ್ಟ್ರೇ? ಆ ಹಳದಿ ಪುಡಿ ಅಯೋಡೊಫಾರ್ಮ್, ಹಿಂದೆ ಗಾಯಕ್ಕೆ ಹಾಕುತ್ತಿದ್ದ ಔಷಧಿಯೇ.

ಇದೇ ಪ್ರಯೋಗವನ್ನು ಮೆಥನಾಲ್ ಜೊತೆ ಮಾಡಿದರೆ ಏನೂ ಇಳಿಯುವುದಿಲ್ಲ. ಪರದೆಯಲ್ಲಿ ನೋಡಿ, ತಿಳಿಯಾಗಿಯೇ ಉಳಿಯಿತು. ಕಾರಣ ಸರಳ. ಓಎಚ್ ಗುಂಪು ಇರುವ ಇಂಗಾಲದ ಪಕ್ಕದಲ್ಲಿ ಮೂರು ಜಲಜನಕ ಹೊತ್ತ ಇನ್ನೊಂದು ಇಂಗಾಲ ಇದ್ದರೆ ಮಾತ್ರ ಈ ಕ್ರಿಯೆ. ಎಥನಾಲ್‌ಗೆ ಆ ನೆರೆಮನೆ ಇದೆ. ಒಂಟಿ ಇಂಗಾಲದ ಮೆಥನಾಲ್‌ಗೆ ನೆರೆಮನೆಯೇ ಇಲ್ಲ. ಐಸೊಪ್ರೊಪೈಲ್‌ಗೆ ಎರಡೂ ಕಡೆ ಇದೆ, ಅದಕ್ಕೂ ಹಳದಿ ಬರುತ್ತದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಆಲ್ಕೋಹಾಲ್ ಅಲ್ಲದಿದ್ದರೂ ಅದಕ್ಕೂ ಬರುತ್ತದೆ.

ಈಗ ಮಕ್ಕಳಿಗೆ ಒಂದು ಪ್ರಶ್ನೆ. ಯಾರೋ ಒಂದು ಬಾಟಲಿ ತಂದುಕೊಟ್ಟರು. ಪರೀಕ್ಷೆ ಮಾಡಿದಿರಿ. ಹಳದಿ ಬಂತು. ಹಾಗಾದರೆ ಇದರಲ್ಲಿ ಎಥನಾಲ್ ಇದೆ. ಹಾಗಾದರೆ ಮೆಥನಾಲ್ ಇಲ್ಲ. ಸರಿಯೋ ತಪ್ಪೋ?

ಒಂಬತ್ತನೇ ತರಗತಿಯ ಆ ಹುಡುಗಿ ತಲೆ ಅಲ್ಲಾಡಿಸಿದಳು ನೋಡಿ. ತಪ್ಪು. ಮೊದಲ 'ಹಾಗಾದರೆ' ಪೂರ್ತಿ ಖಚಿತವಲ್ಲದಿದ್ದರೂ ಒಪ್ಪಬಹುದು. ಎರಡನೆಯ 'ಹಾಗಾದರೆ' ಕೊಲ್ಲುತ್ತದೆ. ಎಥನಾಲ್ ಜೊತೆ ಮೆಥನಾಲ್ ಬೆರೆತಿದ್ದರೂ ಹಳದಿ ಬಂದೇ ಬರುತ್ತದೆ. ಪರೀಕ್ಷೆ ಇರುವುದನ್ನು ತೋರಿಸಿತು, ಇಲ್ಲದ್ದರ ಬಗ್ಗೆ ಅದು ಬಾಯಿ ಬಿಡಲೇ ಇಲ್ಲ. ನನ್ನ ಕೆಲಸದಲ್ಲೂ ದಿನಾ ಇದೇ ಜಗಳ. ಬರೆದ ಪ್ರೋಗ್ರಾಂ ಎಲ್ಲ ಪರೀಕ್ಷೆ ಪಾಸಾಯಿತು ಅಂದರೆ ನಾವು ಹುಡುಕಿದ ತಪ್ಪುಗಳು ಸಿಗಲಿಲ್ಲ ಅಂತ ಅರ್ಥ, ತಪ್ಪೇ ಇಲ್ಲ ಅಂತಲ್ಲ. ಪ್ರೋಗ್ರಾಂ ಕೆಟ್ಟರೆ ರಾತ್ರಿ ಎದ್ದು ಸರಿಮಾಡುತ್ತೇವೆ. ಇಲ್ಲಿ ಆ ಅವಕಾಶ ಇಲ್ಲ.

ಇನ್ನೊಂದೆರಡು ಪ್ರಯೋಗ ಬೇಗ ನೋಡಿಬಿಡೋಣ. ಇದು ಅಡುಗೆಮನೆಯದು, ತಾಯಂದಿರಿಗೆ ಇಷ್ಟವಾಗುತ್ತದೆ. ಎರಡು ಪ್ರನಾಳ, ಒಂದರಲ್ಲಿ ಐಸೊಪ್ರೊಪೈಲ್, ಒಂದರಲ್ಲಿ ಎಥನಾಲ್, ಎರಡಕ್ಕೂ ಸ್ವಲ್ಪ ನೀರು, ಚಿಟಿಕೆ ಅರಿಶಿನ. ಎರಡೂ ಹಳದಿ. ಈಗ ಎರಡಕ್ಕೂ ಪುಡಿ ಉಪ್ಪು ಹಾಕಿ ಗಟ್ಟಿಯಾಗಿ ಕುಲುಕಿ ನಿಲ್ಲಿಸಿ. ಐಸೊಪ್ರೊಪೈಲ್ ಇದ್ದದ್ದು ಎರಡು ಪದರವಾಯಿತು! ಮೇಲೆ ದಟ್ಟ ಹಳದಿ, ಕೆಳಗೆ ತಿಳಿ ಉಪ್ಪುನೀರು. ನೀರು ಉಪ್ಪನ್ನು ಅಪ್ಪಿಕೊಂಡು ಆಲ್ಕೋಹಾಲನ್ನು ಹೊರಗೆ ತಳ್ಳಿತು. ಅರಿಶಿನದ ಬಣ್ಣ ಆಲ್ಕೋಹಾಲ್ ಜೊತೆ ಹೋಯಿತು. ಎಥನಾಲ್ ಅಡುಗೆ ಉಪ್ಪಿಗೆ ಹೀಗೆ ಬೇರೆಯಾಗುವುದಿಲ್ಲ, ನೀರಿನ ಜೊತೆ ಅದರ ಸ್ನೇಹ ಇನ್ನೂ ಗಟ್ಟಿ. ಮೆಥನಾಲ್ ಅದಕ್ಕಿಂತ ಗಟ್ಟಿ. ಮನೆಯಲ್ಲಿರುವ ಸ್ಯಾನಿಟೈಸರ್ ಯಾವ ಜಾತಿಯದು ಅಂತ ತಿಳಿಯಲು ಇಷ್ಟು ಸಾಕು, ಅದು ಜೆಲ್ ಆಗಿರಬಾರದು ಅಷ್ಟೇ. ಕುಡಿಯಲು ಯಾವುದೂ ಆಗುವುದಿಲ್ಲ. 2020ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಮದ್ಯದಂಗಡಿ ಮುಚ್ಚಿದ್ದಾಗ ಸ್ಯಾನಿಟೈಸರ್ ಕುಡಿದು ಹತ್ತು ಜನಕ್ಕಿಂತ ಹೆಚ್ಚು ಸತ್ತರು.

ಪಿಯುಸಿ ವಿಜ್ಞಾನ ತೆಗೆದುಕೊಳ್ಳುವವರು ಲೂಕಾಸ್ ಪರೀಕ್ಷೆ ಓದುತ್ತೀರಿ. ತೀವ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತುವಿನ ಕ್ಲೋರೈಡ್ ಕರಗಿಸಿದ ದ್ರಾವಣ ಅದು. ಓಎಚ್ ಇರುವ ಇಂಗಾಲಕ್ಕೆ ಮೂರು ಇಂಗಾಲಗಳ ನೆಂಟಸ್ತಿಕೆ ಇದ್ದರೆ ತಕ್ಷಣ ಮಜ್ಜಿಗೆಯ ಹಾಗೆ ಕದಡುತ್ತದೆ. ಎರಡಿದ್ದರೆ ಐದು ಹತ್ತು ನಿಮಿಷ. ಒಂದೇ ಇದ್ದರೆ, ಅಥವಾ ಮೆಥನಾಲ್‌ನಂತೆ ಒಂದೂ ಇಲ್ಲದಿದ್ದರೆ, ಕಾಯಿಸದೆ ಏನೂ ಆಗುವುದಿಲ್ಲ. ಪರೀಕ್ಷೆಗೆ ಅಂಕ ತರುವ ಪ್ರಯೋಗ; ನಮ್ಮ ಇಂದಿನ ಪ್ರಶ್ನೆಗೆ ಉಪಯೋಗವಿಲ್ಲ, ಮೆಥನಾಲ್ ಎಥನಾಲ್ ಎರಡೂ ಅದರ ಮುಂದೆ ಮೌನ.

ವಾಸನೆಯ ಪ್ರಯೋಗ ಒಂದಿದೆ. ಸ್ಯಾಲಿಸಿಲಿಕ್ ಆಮ್ಲದ ಚಿಟಿಕೆ, ಒಂದು ಮಿಲಿಲೀಟರ್ ಮೆಥನಾಲ್, ಎರಡು ಹನಿ ತೀವ್ರ ಗಂಧಕಾಮ್ಲ, ಸ್ವಲ್ಪ ಬಿಸಿ. ನಂತರ ಸೋಡಾ ನೀರಿಗೆ ಸುರಿದರೆ ಲ್ಯಾಬು ತುಂಬ ಸೊಂಟನೋವಿನ ಮುಲಾಮಿನ ವಾಸನೆ. ಅಜ್ಜಿಯರು ಮಂಡಿಗೆ ಉಜ್ಜಿಕೊಳ್ಳುತ್ತಾರಲ್ಲ, ಅದರ ಘಾಟಿಗೆ ಕಾರಣವಾದ ಎಣ್ಣೆಯೇ ಅಲ್ಲಿ ಹುಟ್ಟುತ್ತದೆ. ಎಥನಾಲ್ ಹಾಕಿದರೆ ಅದೇ ಜಾತಿಯ, ಮೆತ್ತನೆಯ ವಾಸನೆ. ಎರಡನ್ನೂ ಪಕ್ಕ ಪಕ್ಕ ಮೂಸಿದವನಿಗೆ ಗೊತ್ತಾಗುತ್ತದೆ. ಆದರೆ ಮೂಗಿಗೆ ಯಾರು ಜಾಮೀನು ನಿಲ್ಲುತ್ತಾರೆ?

ಕೊನೆಯ ಪ್ರಯೋಗ, ಇದು ನಿಮ್ಮ ಹತ್ತನೇ ತರಗತಿಯ ಪುಸ್ತಕದ್ದೇ. ಮೂರು ಮಿಲಿಲೀಟರ್ ಎಥನಾಲ್, ಬಿಸಿನೀರಿನಲ್ಲಿಟ್ಟ ಪ್ರನಾಳ, ಮೇಲಿನಿಂದ ಹನಿ ಹನಿಯಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ. ನೇರಳೆ ಹನಿ ಬಿದ್ದು ಬಣ್ಣ ಕಳೆದುಕೊಳ್ಳುತ್ತದೆ. ಇದು ಉತ್ಕರ್ಷಣ, ಆಲ್ಕೋಹಾಲ್‌ಗೆ ಆಮ್ಲಜನಕ ಕೊಡುವುದು. ಮೆಥನಾಲ್ ಹಾಕಿದರೂ ಬಣ್ಣ ಹೋಗುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಹುಟ್ಟುವ ವಸ್ತುವಿನಲ್ಲಿ. ಎಥನಾಲ್‌ನಿಂದ ಮೊದಲು ಅಸಿಟಾಲ್ಡಿಹೈಡ್, ಮುಂದೆ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ. ಮೆಥನಾಲ್‌ನಿಂದ ಮೊದಲು ಫಾರ್ಮಾಲ್ಡಿಹೈಡ್, ಮುಂದೆ ಫಾರ್ಮಿಕ್ ಆಮ್ಲ.

ನಮ್ಮ ಜೀವಶಾಸ್ತ್ರದ ಬೀರುವಿನಲ್ಲಿ ಗಾಜಿನ ಜಾಡಿಯಲ್ಲಿ ಕಪ್ಪೆ ಇತ್ತಲ್ಲ, ವರ್ಷಗಟ್ಟಲೆ ಕೊಳೆಯದೆ? ಅದು ಮುಳುಗಿದ್ದದ್ದು ಫಾರ್ಮಲಿನ್‌ನಲ್ಲಿ, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಇನ್ನು ಫಾರ್ಮಿಕ್ ಆಮ್ಲ, ಮಾವಿನ ಮರದ ಕೆಂಜಿಗ ಕಚ್ಚಿದಾಗ ಉರಿಯುತ್ತದಲ್ಲ, ಅದು.

ಅಬಕಾರಿ ಮತ್ತು ವಿಧಿವಿಜ್ಞಾನದ ಲ್ಯಾಬುಗಳಲ್ಲಿ ಮೆಥನಾಲ್ ಹಿಡಿಯಲು ಬಹುಕಾಲದಿಂದ ಬಳಸುವ ಒಂದು ಪರೀಕ್ಷೆ ಇದೇ ದಾರಿಯದು. ಮಾದರಿಗೆ ಆಮ್ಲದ ಜೊತೆ ಪರ್ಮಾಂಗನೇಟ್ ಹಾಕುತ್ತಾರೆ. ಮೆಥನಾಲ್ ಇದ್ದರೆ ಫಾರ್ಮಾಲ್ಡಿಹೈಡ್ ಆಗುತ್ತದೆ. ಉಳಿದ ಪರ್ಮಾಂಗನೇಟಿನ ಬಣ್ಣ ತೆಗೆದು, ಕ್ರೋಮೋಟ್ರೋಪಿಕ್ ಆಮ್ಲವನ್ನೂ ಗಂಧಕಾಮ್ಲವನ್ನೂ ಸೇರಿಸಿ ಬಿಸಿ ಮಾಡಿದರೆ ನೇರಳೆ ಬಣ್ಣ ಏಳುತ್ತದೆ. ಎಥನಾಲ್ ಎಷ್ಟೇ ಇದ್ದರೂ ಆ ನೇರಳೆಯನ್ನು ಅದು ತರಲಾರದು. ಬಣ್ಣ ಎಷ್ಟು ಗಾಢವೋ ಮೆಥನಾಲ್ ಅಷ್ಟು. ಈಗ ಗ್ಯಾಸ್ ಕ್ರೊಮಟೋಗ್ರಾಫ್ ಅನ್ನುವ ಯಂತ್ರವೂ ಇದೆ, ಬೆರಕೆಯ ಒಂದೊಂದನ್ನೂ ಬಿಡಿಸಿ ಸಾಲಾಗಿ ನಿಲ್ಲಿಸುತ್ತದೆ. ಬೆರಕೆಯಲ್ಲಿ ವಿಷ ಹಿಡಿಯಲು ಬೇಕಾದದ್ದು ಇಂಥದು, ಚಮಚ ಮತ್ತು ಕಡ್ಡಿಪೆಟ್ಟಿಗೆ ಅಲ್ಲ.

ಪರ್ಮಾಂಗನೇಟ್ ಪ್ರನಾಳದಲ್ಲಿ ಮಾಡಿದ ಕೆಲಸವನ್ನೇ ನಮ್ಮ ಲಿವರ್ ಹೊಟ್ಟೆಯೊಳಗೆ ಮಾಡುತ್ತದೆ. ಮೆಥನಾಲ್ ತಾನಾಗಿ ದೊಡ್ಡ ವಿಷವಲ್ಲ, ಬರೀ ಅಮಲು. ಲಿವರ್ ಅದನ್ನು ಪಾಪ ಎಥನಾಲ್ ಅಂದುಕೊಂಡೇ ಕರಗಿಸಲು ಹೋಗುತ್ತದೆ. ಕಪ್ಪೆಯ ಜಾಡಿಯ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಆ ಆಮ್ಲವನ್ನು ಹೊರಹಾಕುವುದು ಮನುಷ್ಯನ ದೇಹಕ್ಕೆ ಬಹಳ ನಿಧಾನ. ಅದು ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ, ಮೊದಲ ಏಟು ಕಣ್ಣಿನ ನರಕ್ಕೆ. ಹತ್ತು ಮಿಲಿಲೀಟರ್, ಅಂದರೆ ಎರಡು ಟೀ ಚಮಚ ಶುದ್ಧ ಮೆಥನಾಲ್ ಕಣ್ಣು ಕಳೆಯಬಲ್ಲದು. ಮೂವತ್ತು ಮಿಲಿಲೀಟರ್ ಜೀವ ತೆಗೆಯಬಲ್ಲದು.

ಇದೆಲ್ಲ ಆಗಲು ಹೊತ್ತು ಹಿಡಿಯುತ್ತದೆ. ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ. ಜೊತೆಗೆ ಎಥನಾಲ್ ಇದ್ದರೆ ಇನ್ನೂ ತಡ. ಅದಕ್ಕೇ "ಅವನೂ ಕುಡಿದ, ರಾತ್ರಿ ಚೆನ್ನಾಗೇ ಇದ್ದ" ಅನ್ನುವ ಮಾತಿಗೆ ಅರ್ಥವಿಲ್ಲ. ಸಂಜೆ ಕುಡಿದವರು ನಡೆದೇ ಮನೆಗೆ ಹೋಗಿರುತ್ತಾರೆ, ಉಂಡು ಮಲಗಿರುತ್ತಾರೆ. ಬೆಳಿಗ್ಗೆ ತಲೆನೋವು, ವಾಂತಿ, ಹೊಟ್ಟೆನೋವು. ಕುಡಿದವರ ಮನೆಯಲ್ಲಿ ಅದಕ್ಕೆ ಯಾರು ಗಾಬರಿಯಾಗುತ್ತಾರೆ? ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಆಮೇಲೆ ಉಸಿರು ಜೋರಾಗುತ್ತದೆ. ಕಣ್ಣು ಮಂಜಾಗುತ್ತದೆ, ಮಂಜು ಕವಿದ ಬೆಳಗಿನಲ್ಲಿ ನಿಂತ ಹಾಗೆ ಎಲ್ಲ ಬೆಳ್ಳಗೆ ಕಾಣುತ್ತದೆ.

ಕುಡಿದ ಮಾರನೆಯ ದಿನ ಕಣ್ಣು ಮಂಜು ಅಂದರೆ, ದಯವಿಟ್ಟು ಕೇಳಿಸಿಕೊಳ್ಳಿ, ಅದು ಅಮಲಲ್ಲ. ಆ ಕ್ಷಣ 108ಕ್ಕೆ ಫೋನ್ ಮಾಡಿ. ಡಾಕ್ಟರ ಬಳಿ ಏನು ಕುಡಿದರು, ಎಷ್ಟು ಹೊತ್ತಿಗೆ ಕುಡಿದರು ಮುಚ್ಚಿಡದೆ ಹೇಳಿ. ಕೇಸಾಗುತ್ತದೆ, ಮರ್ಯಾದೆ ಹೋಗುತ್ತದೆ ಅಂತ "ಊಟ ಏರುಪೇರಾಯಿತು" ಅಂದರೆ ಡಾಕ್ಟರು ಹೊಟ್ಟೆಗೆ ಔಷಧಿ ಕೊಡುತ್ತಾರೆ, ಆಮ್ಲ ತನ್ನ ಕೆಲಸ ಮುಂದುವರಿಸುತ್ತದೆ. ಜೊತೆಯಲ್ಲಿ ಕುಡಿದ ಬೇರೆಯವರನ್ನೂ ಹುಡುಕಿ ಕರೆತನ್ನಿ, ಅವರು ಚೆನ್ನಾಗಿ ಕಂಡರೂ ಸರಿ. ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಆಮ್ಲ ತಗ್ಗಿಸಲು ಬೈಕಾರ್ಬನೇಟ್, ರಕ್ತ ಶುದ್ಧಿ ಮಾಡಲು ಡಯಾಲಿಸಿಸ್, ಫೋಮೆಪಿಜೋಲ್ ಅನ್ನುವ ದುಬಾರಿ ಔಷಧಿ. ಅದು ಸಿಗದಿದ್ದರೆ ಡಾಕ್ಟರು ಕೊಡುವುದು, ನಗಬೇಡಿ, ಶುದ್ಧ ಎಥನಾಲ್. ಲಿವರ್‌ನ ಕಿಣ್ವ ಮೆಥನಾಲ್‌ಗಿಂತ ಎಥನಾಲ್‌ಗೆ ಹತ್ತು ಪಟ್ಟಿಗೂ ಹೆಚ್ಚು ಅಂಟಿಕೊಳ್ಳುತ್ತದೆ. ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ಅಣ್ಣನನ್ನು ಒಳಗೆ ಕರೆದ ಹಾಗೆ. ಅಷ್ಟರಲ್ಲಿ ಮೆಥನಾಲ್ ಮೆಥನಾಲ್ ಆಗಿಯೇ ದೇಹ ಬಿಡುತ್ತದೆ. ಇದನ್ನು ಕೇಳಿ ಮನೆಯಲ್ಲಿ ಯಾರೂ ಇನ್ನೊಂದು ಕ್ವಾರ್ಟರ್ ಕುಡಿಸಲು ಹೋಗಬೇಡಿ. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಗಂಟೆಗಂಟೆಗೆ ಅಳೆದು ಕೊಡುತ್ತಾರೆ.

ಒಬ್ಬ ಹಿರಿಯರು ಬೆಳಿಗ್ಗೆ ಕೇಳಿದರು: "ನಮ್ಮ ತಾತನ ಕಾಲದಲ್ಲಿ ಬೆಲ್ಲದ ಕೊಳೆ ಹಾಕಿ ಭಟ್ಟಿ ಇಳಿಸ್ತಿದ್ರು, ಆಗ ಯಾಕೆ ಹೀಗೆ ಗುಂಪುಗುಂಪಾಗಿ ಸಾಯಲಿಲ್ಲ?" ಒಳ್ಳೆಯ ಪ್ರಶ್ನೆ. ಬೆಲ್ಲ, ಸಕ್ಕರೆ ಹುಳಿತಾಗ ಮೆಥನಾಲ್ ಹೆಚ್ಚು ಹುಟ್ಟುವುದಿಲ್ಲ. ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್‌ನಿಂದ ಒಂದಿಷ್ಟು ಹುಟ್ಟುತ್ತದೆ. ದೊಡ್ಡಬಳ್ಳಾಪುರದ ವೈನ್‌ನಲ್ಲೂ, ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಹುಳಿತರೂ ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತದೆ, ಅಪಾಯ ಮಾಡದಷ್ಟು. ಊರಿಗೆ ಊರೇ ಮಲಗಿಸುವಷ್ಟು ಮೆಥನಾಲ್ ಬರುವುದು ಕಾರ್ಖಾನೆಗೆ ಹೋಗಬೇಕಾದ ಡ್ರಮ್ಮಿನಿಂದ. ಬಣ್ಣ, ಥಿನ್ನರ್, ಅಂಟು, ರಾಸಾಯನಿಕಗಳ ಕೆಲಸಕ್ಕೆ ಬೇಕಾದ ವಸ್ತು ಅದು. ಮದ್ಯದ ತೆರಿಗೆ ಅದಕ್ಕಿಲ್ಲ, ಅಗ್ಗ. ಅಮಲು ಬರುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ. ಅದನ್ನು ನೀರಿಗೆ ಬೆರೆಸಿ ಮಾರುವವನು ಭಟ್ಟಿ ಇಳಿಸುವ ಶ್ರಮವನ್ನೂ ಪಡುವುದಿಲ್ಲ. ಹಾಗಂತ ಹಳೆಯ ಭಟ್ಟಿ ಒಳ್ಳೆಯದು ಅಂತ ನಾನು ಹೇಳಿದೆ ಅಂತ ಹೊರಗೆ ಹೇಳಬೇಡಿ.

ಮಕ್ಕಳೇ, ಇನ್ನೊಂದು ಮಾತು. ಲ್ಯಾಬಿನ ಸ್ಪಿರಿಟ್ ದೀಪದಲ್ಲಿರುವುದೂ ಎಥನಾಲ್‌ಗೆ ಬೇಕೆಂದೇ ವಿಷ ಬೆರೆಸಿದ್ದು. ಕೈಗಾರಿಕೆಗೆ ಅಗ್ಗವಾಗಿ ಕೊಡುವ ಸ್ಪಿರಿಟನ್ನು ಯಾರೂ ಕುಡಿಯಬಾರದೆಂದು ಮೆಥನಾಲ್‌ನಂಥವನ್ನು ಸೇರಿಸುತ್ತಾರೆ, ಗುರುತಿಗೆ ನೀಲಿ ಬಣ್ಣ ಹಾಕುವುದೂ ಉಂಟು. ಬಣ್ಣ ಇಲ್ಲ ಅಂದರೆ ವಿಷ ಇಲ್ಲ ಅಂತ ಅಲ್ಲ. ಅಯೋಡೊಫಾರ್ಮ್‌ನ ಎರಡನೆಯ 'ಹಾಗಾದರೆ' ನೆನಪಿದೆಯಲ್ಲ?

ನಮ್ಮ 2005ರ ತಂಡದವರು ಲ್ಯಾಬಿಗೆ ಒಂದು ಬೀಗದ ಬೀರು, ಇಪ್ಪತ್ತು ಸುರಕ್ಷತಾ ಕನ್ನಡಕ, ಈ ಪ್ರಯೋಗಗಳಿಗೆ ಬೇಕಾದ ಅಯೋಡಿನ್, ಪರ್ಮಾಂಗನೇಟ್, ಪ್ರನಾಳಗಳನ್ನು ಕೊಟ್ಟಿದ್ದೇವೆ. ಪಟ್ಟಿ ಮೇಡಂ ಬಳಿ ಇದೆ. ಮೆಥನಾಲ್ ಆ ಪಟ್ಟಿಯಲ್ಲಿಲ್ಲ. ವಿಡಿಯೊ ಶಾಲೆಯ ಕಂಪ್ಯೂಟರ್‌ನಲ್ಲಿ ಹಾಕಿಟ್ಟಿದ್ದೇನೆ.

ಈಗ ಹತ್ತನೇ ತರಗತಿಯವರು ಮೊದಲು ಬನ್ನಿ. ಕನ್ನಡಕ ಹಾಕಿಕೊಳ್ಳಿ, ಜಡೆ ಹಿಂದಕ್ಕೆ ಕಟ್ಟಿಕೊಳ್ಳಿ. ನಾಲ್ಕು ನಾಲ್ಕು ಜನ, ಅಯೋಡೊಫಾರ್ಮ್ ಪ್ರಯೋಗ ನೀವೇ ಮಾಡಿ. ಆಮೇಲೆ ಉಪ್ಪು ಅರಿಶಿನದ್ದು. ಯಜಮಾನರೂ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಬಾಟಲಿಗೆ ನೇರವಾಗಿ ಮೂಗಿಡಬೇಡಿ. ಅಂಗೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡುವುದು ಹೇಗೆ ಅಂತ ಈ ಮಕ್ಕಳು ಹೇಳಿಕೊಡುತ್ತಾರೆ.